ಹ್ವಾಯ್‌ನಿಂದ ಅಂಬ್ರದವರೆಗೆ: ಜಾಲವಿದ್ಯೆಯ ಕುಂದಾಪುರ ಮೂಲದ ಬಗ್ಗೆ ಒಂದು ಪ್ರೌಢ ಪ್ರಬಂಧ

ಗಣಕಗಳನ್ನು ಒಂದಕ್ಕೊಂದು ಜೋಡಿಸುವ ವಿದ್ಯೆಗೆ ‘ಜಾಲ’ ಎಂಬ ಹೆಸರು ಬಂದದ್ದು ಆಕಸ್ಮಿಕವಲ್ಲವೆಂಬುದು ಪ್ರಸ್ತುತ ಸಂಶೋಧಕನ ದೃಢ ಮತ. ಕೈರಂಪಣಿ ಎಳೆಯುವ, ಬೀಸುಬಲೆ ಎಸೆಯುವ ಗಂಗೊಳ್ಳಿಯಲ್ಲಿ ಅರ್ಧ ಗಂಟೆ ಕೂತರೆ ಯಾರಿಗೂ ಇದು ಹೊಳೆಯುತ್ತದೆ. ಅಮೆರಿಕದವರಿಗೆ ಹೊಳೆಯಲಿಲ್ಲ, ಅಲ್ಲಿ ಗಂಗೊಳ್ಳಿ ಇಲ್ಲ.

ಪ್ರಮಾಣ ಬೇಕೆ? 1969ರ ಅಕ್ಟೋಬರ್ 29ರ ರಾತ್ರಿ ಅರ್ಪಾನೆಟ್ ಎಂಬ ಆದಿಜಾಲದಲ್ಲಿ ಲಾಸ್ ಏಂಜಲೀಸಿನಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಮೊದಲ ಸಂದೇಶ ಹೊರಟಿತು. ಕಳಿಸಬೇಕಾಗಿದ್ದದ್ದು ‘ಲಾಗಿನ್’. ಎಲ್, ಒ ಎಂಬ ಎರಡಕ್ಷರ ಮುಟ್ಟುವಷ್ಟರಲ್ಲಿ ಆಚೆಯ ಗಣಕ ಮಲಗಿಬಿಟ್ಟಿತು. ಅಂದರೆ ಜಾಲದಲ್ಲಿ ಹರಿದ ಪ್ರಥಮ ಪದ ‘ಲೋ’. ಅಪ್ಪಟ ಕನ್ನಡ! ಪಾಶ್ಚಾತ್ಯ ವಿದ್ವಾಂಸರು ಇದನ್ನು ಯಂತ್ರದೋಷವೆನ್ನುತ್ತಾರೆ. ಅಸಲಿ ಕಾರಣ ಬೇರೆ: ಮುಖಪರಿಚಯವಿಲ್ಲದವರನ್ನು ‘ಲೋ’ ಎಂದು ಕರೆದರೆ ಕುಂದಾಪುರದಲ್ಲೂ ಯಾರೂ ಓಗೊಡುವುದಿಲ್ಲ. ‘ಹ್ವಾಯ್’ ಎಂದು ನೋಡಬೇಕಿತ್ತು.

ತಪ್ಪು ತಿದ್ದಿಕೊಂಡ ಮೇಲೆ ಬಂದದ್ದೇ ಗಣಕಗಳು ಸಂಪರ್ಕ ಬೆಳೆಸುವ ಟಿಸಿಪಿ ಎಂಬ ನಿಯಮದ ಮೂರು ಮಾತಿನ ಒಪ್ಪಂದ. ಅಂಗಳದಿಂದ “ಹ್ವಾಯ್, ಇದ್ರ್ಯಾ?” ಒಳಗಿನಿಂದ “ಇದ್ದೆ, ಬನಿ!” ಮತ್ತೆ ಅಂಗಳದಿಂದ “ಬಂದೆ.” ಮೂರೂ ಆದ ಮೇಲೆಯೇ ಸಂಪರ್ಕ, ಆಮೇಲೆಯೇ ಬೆಲ್ಲ-ನೀರು. ಇದರ ದೌರ್ಬಲ್ಯವನ್ನು ಮೊದಲು ಕಂಡುಹಿಡಿದವರು ನಮ್ಮ ಕೇರಿಯ ಮಕ್ಕಳು. ಅಂಗಳದಲ್ಲಿ “ಹ್ವಾಯ್” ಎಂದು ಕೂಗಿ ಓಡುವುದು, ಅಜ್ಜಿ ಮಂಡಿ ಹಿಡಿದುಕೊಂಡು ಎದ್ದು ಬಂದು ಕಾಯುವುದು. ಹೀಗೇ ಹತ್ತು ಸಲವಾದರೆ ನಿಜವಾದ ನೆಂಟರು ಬಂದಾಗ ಅಜ್ಜಿಗೆ ಏಳುವ ತ್ರಾಣವಿಲ್ಲ. 1996ರಲ್ಲಿ ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಅಂತರ್ಜಾಲ ಸಂಸ್ಥೆಯನ್ನು ಕೆಡವಿದ್ದು ಇದೇ ಕಿತಾಪತಿ. ಅಂಗಳದ ಮೊದಲ ‘ಹ್ವಾಯ್’ಗೆ ಗಣಕದವರ ಹೆಸರು ‘ಸಿನ್’; ಹಾಗಾಗಿ ಅವರು ಇದನ್ನು ‘ಸಿನ್ ಪ್ರವಾಹ’ ಎಂದು ಕರೆದರು. ಪರಿಹಾರ ಅಜ್ಜಿಗೆ ಮೊದಲೇ ಗೊತ್ತಿತ್ತು: ಮಲಗಿದಲ್ಲಿಂದಲೇ “ಬನಿ” ಎನ್ನುವುದು, ಮೂರನೆಯ ಮಾತು ಕೇಳಿದರೆ ಮಾತ್ರ ಏಳುವುದು. ಅದೇ ವರ್ಷ ಇದು ‘ಸಿನ್ ಕುಕೀ’ ಎಂಬ ಹೆಸರಿನಲ್ಲಿ ಪುನರಾವಿಷ್ಕಾರಗೊಂಡಿತು. ಅಜ್ಜಿಯ ಹೆಸರು ಎಲ್ಲೂ ಇಲ್ಲ.

ಮಾರ್ಗ ಹುಡುಕುವ ವಿದ್ಯೆಗೆ ಪಂಚಗಂಗಾವಳಿ ಹೊಳೆಗಿಂತ ಒಳ್ಳೆಯ ಪ್ರಯೋಗಾಲಯವಿಲ್ಲ. ಕುಂದಾಪುರದ ದಡದಲ್ಲಿ ನಿಂತರೆ ಗಂಗೊಳ್ಳಿ ಎದುರಿಗೇ ಕಾಣುತ್ತದೆ. ದೋಣಿ ಇಲ್ಲದಿದ್ದರೆ ಹೆಮ್ಮಾಡಿ, ಮುಳ್ಳಿಕಟ್ಟೆ ಸುತ್ತಿಕೊಂಡು ಹೋಗಬೇಕು. ಹೆಮ್ಮಾಡಿಯವರು ಪೂರ್ತಿ ದಾರಿ ಹೇಳುವುದಿಲ್ಲ. “ಮುಳ್ಳಿಕಟ್ಟೆಯಲ್ಲಿ ಕೇಳಿ” ಎನ್ನುತ್ತಾರೆ. ರೂಟರ್ ಎಂಬ ಡಬ್ಬಿಯ ಸಕಲ ಜ್ಞಾನವೂ ಇಷ್ಟೇ.

ಇನ್ನು ಫೈರ್‌ವಾಲ್. ಬೇಲಿಯ ತಡಮೆಯನ್ನು ನೋಡದವನು ಇದನ್ನು ಅರಿಯಲಾರ. ತಡಮೆ ಎರಡು ಕಾಲಿನವರನ್ನು ಬಿಡುತ್ತದೆ, ನಾಲ್ಕು ಕಾಲಿನವನ್ನು ತಡೆಯುತ್ತದೆ. ದನ ಬಂದರೆ ಸಾಧುವೋ ಹಾಯುವ ಜಾತಿಯೋ ಎಂದು ವಿಚಾರಿಸುವುದಿಲ್ಲ. ತೆಂಗಿನಕಾಯಿ ಕದಿಯಲು ಬಂದವನನ್ನು ಎರಡು ಕಾಲಿವೆ ಎಂಬ ಒಂದೇ ಯೋಗ್ಯತೆಯ ಮೇಲೆ ಒಳಗೆ ಬಿಡುತ್ತದೆ. ವಿಳಾಸ ಮತ್ತು ಪೋರ್ಟ್ ಸಂಖ್ಯೆ ಮಾತ್ರ ನೋಡುವ ಫೈರ್‌ವಾಲಿನ ಗುಣವೂ ಇದೇ, ಅವಗುಣವೂ ಇದೇ. (ಆಡಿನ ವಿಷಯ ಪ್ರತ್ಯೇಕ ಸಂಪುಟದಲ್ಲಿ.)

ಗೂಢಲಿಪೀಕರಣದ ಅಧ್ಯಾಯ ಚಿಕ್ಕದು. ಗಿರಾಕಿಗೆ ತಿಳಿಯಬಾರದೆಂದು ಅಂಗಡಿಯವರು ಕೊಂಕಣಿಗೆ ಹೊರಳುತ್ತಾರೆ. ಗಿರಾಕಿಗೂ ಕೊಂಕಣಿ ಬರುತ್ತದೆ.

ಜಾಲದ ಅತಿ ಗಂಭೀರ ಲೋಪ ಬೇರೆಯೇ ಇದೆ. 1981ರ ಐಪಿ ನಿಯಮದ ಪ್ರಕಾರ ಜಾಲದಲ್ಲಿ ಸಾಗುವ ಪ್ರತಿ ದತ್ತಾಂಶ ಪೊಟ್ಟಣದ ಮೇಲೆ ಕಳಿಸಿದವರ ವಿಳಾಸವಿರಬೇಕು. ಅದು ನಿಜವೇ ಎಂದು ಪರೀಕ್ಷಿಸುವ ಏರ್ಪಾಡು ಮಾತ್ರ ಅದರಲ್ಲಿಲ್ಲ. ಕುಂದಾಪುರದವರು ಈ ಸುಳ್ಳಿಗೂ ಆಸ್ಪದ ಕೊಡದೆ ಆ ಜಾಗದಲ್ಲಿ ‘ಅಂಬ್ರ’, ಅಂದರೆ ‘ಅನ್ನುತ್ತಾರೆ’, ಎಂದು ಬರೆದುಬಿಟ್ಟಿದ್ದಾರೆ. ಗದ್ದೆ ಮಾರ್ತ್ರ್ ಅಂಬ್ರ. ಮದಿ ಮುರಿತ್ ಅಂಬ್ರ. ಹೇಳಿದವರು ಯಾರು? ಪತ್ತೆಯಿಲ್ಲ. ಸುದ್ದಿ ಮುಟ್ಟದೆ ಹೋದ ಉದಾಹರಣೆಯೂ ಇಲ್ಲ. ಹೊರಟ ರೂಪದಲ್ಲೇ ಮುಟ್ಟಿದ ಉದಾಹರಣೆಯೂ ಇಲ್ಲ.

ಈ ಪ್ರಬಂಧದ ವಿಷಯವನ್ನು ಶಾಸ್ತ್ರಿ ಸರ್ಕಲ್ಲಿನಲ್ಲಿ ಒಬ್ಬರಿಗೆ, ಒಬ್ಬರಿಗೇ, ಕಿವಿಯಲ್ಲಿ ಹೇಳಿದ್ದೆ. ಸಂಜೆ ಬೆಂಗಳೂರಿನ ಹೋಟೆಲಿನಿಂದ ಫೋನು ಬಂತು.

“ಹ್ವಾಯ್ ಭಾವ, ಬಲೆ ಅಂಗ್ಡಿ ಹಾಕ್ತ್ರಿ ಅಂಬ್ರಲೆ? ಲಾಭ ಇತ್ತಾ ಮಾರಾಯ್ರೆ?”