ಮೇಷ್ಟ್ರ ಪಟ್ಟಿಗೆ ಸೇರದ ಹಕ್ಕಿ

ಹಕ್ಕಿ ನೋಡೋ ಹುಚ್ಚು ಹತ್ತಿದವರನ್ನು ಪತ್ತೆಹಚ್ಚುವುದೇನೂ ಕಷ್ಟವಲ್ಲ ಬಿಡಿ. ನೀವು ಎದುರಿಗೆ ನಿಂತು ಮಗಳಿಗೆ ಗಂಡು ಗೊತ್ತಾದ ವಿಷಯ ಹೇಳುತ್ತಿರುತ್ತೀರಿ, ಅವರ ಕಣ್ಣು ನಿಮ್ಮ ಹೆಗಲು ದಾಟಿ ಹಿಂದಿನ ನುಗ್ಗೆ ಮರದಲ್ಲಿ ಹೋಗಿ ಕೂತಿರುತ್ತದೆ. ನಮ್ಮ ಪಕ್ಕದ ಮನೆ ಮೇಷ್ಟ್ರು ರಿಟೈರಾದ ಮೇಲೆ ಹೀಗೇ ಆಗಿಬಿಟ್ಟಿದ್ದಾರೆ. ಮೊನ್ನೆ ಒಂದು ಮದುವೆಯಲ್ಲಿ ಎಲ್ಲರೂ ಅಕ್ಷತೆ ಹಾಕುತ್ತಿದ್ದರೆ ಇವರು ಛತ್ರದ ಕಿಟಕಿಯಾಚೆ ನೋಡುತ್ತಾ "ಕಂಚುಕುಟಿಗ, ಕೇಳಿಸ್ತಾ?" ಅಂದರು. ಗಟ್ಟಿಮೇಳದ ನಡುವೆ ಆ ಟುಕ್ ಟುಕ್ ಇವರ ಕಿವಿಗೆ ಹೇಗೆ ಬಿತ್ತೋ!

ಮೈಸೂರಿನಲ್ಲಿದ್ದುಕೊಂಡು ಈ ಚಟಕ್ಕೆ ಬೀಳದೆ ಇರೋದೂ ಕಷ್ಟವೇ ಅನ್ನಿ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಗಿನ ವಾಕಿಂಗ್ ಹೋದರೆ ಸಕ್ಕರೆ ಕಾಯಿಲೆ ಇಳಿಯುತ್ತೋ ಇಲ್ಲವೋ, ಹೆಜ್ಜಾರ್ಲೆಗಳು ಮಾತ್ರ ಕಣ್ಣಿಗೆ ಬೀಳುತ್ತವೆ. ರಂಗನತಿಟ್ಟಂತೂ ಇದ್ದೇ ಇದೆ. ಸಲೀಂ ಅಲಿ ಮಾತಿನ ಮೇಲೆ 1940ರಲ್ಲಿ ಮಹಾರಾಜರ ಸರ್ಕಾರ ಅದನ್ನು ಪಕ್ಷಿಧಾಮ ಮಾಡಿದ್ದು ನಿಮಗೂ ಗೊತ್ತಲ್ಲ. ಆದರೆ ಭಾನುವಾರ ದೋಣಿ ಸಾಲಿನಲ್ಲಿ ನಿಲ್ಲೋ ತಾಳ್ಮೆ ನನಗಿಲ್ಲಪ್ಪ. ಬಟ್ಟೆ ಒಣಹಾಕುತ್ತಾ ಕಾಣಸಿಗೋ ಹಕ್ಕಿಗಳೇ ಸಾಕು.

ಸೂರಕ್ಕಿಯನ್ನೇ ತಗೊಳ್ಳಿ. ಎದುರುಮನೆ ಹುಡುಗನ ಬೈಕಿನ ಕನ್ನಡಿಯಲ್ಲಿ ತನ್ನನ್ನೇ ಕಂಡು, ಇನ್ಯಾವನೋ ಗಂಡು ತನ್ನ ಜಾಗಕ್ಕೆ ನುಗ್ಗಿದ್ದಾನೆ ಅಂತ ಕುಕ್ಕಿದ್ದೇ ಕುಕ್ಕಿದ್ದು. ಮರಿ ಮಾಡೋ ಕಾಲದಲ್ಲಿ ಗಂಡಿಗೆ ಇದೊಂದು ರೋಷ. ಕೊನೆಗೆ ಆ ಹುಡುಗ ಎರಡೂ ಕನ್ನಡಿಗೆ ಕಾಲುಚೀಲ ತೊಡಿಸಿದ, ಹೋಗಿಬರುವವರೆಲ್ಲ "ಬೈಕಿಗೂ ಚಳಿಯೇನಪ್ಪ?" ಅಂತ ಕೇಳೋರು. ಇಷ್ಟೆಲ್ಲ ಯುದ್ಧ ನಡೆಯುತ್ತಿದ್ದಾಗ ಹೆಣ್ಣು ದಾಸವಾಳದ ಪಕ್ಕದಲ್ಲಿ ಒಬ್ಬಳೇ ಗೂಡು ಹೆಣೆಯುತ್ತಿದ್ದಳು. ಎಲ್ಲರ ಮನೆ ಕಥೆಯೂ ಇಷ್ಟೇ, ಅಲ್ವಾ?

ಕೆಂಬೂತ ಇನ್ನೊಂದು. ನವಿಲನ್ನು ನೋಡಿ ಗರಿ ಕೆದರಿಕೊಂಡಿತು ಅಂತ ಗಾದೆ ಕಟ್ಟಿ ಅದರ ಮಾನ ಕಳೆದಿದ್ದೀವಿ. ಪಾಪ, ಅದು ಯಾರ ಗೊಡವೆಗೂ ಹೋಗದೆ ಕೆಂಗಣ್ಣು ಬಿಟ್ಟುಕೊಂಡು ಬೇಲಿ ಬುಡದಲ್ಲಿ ಬಸವನಹುಳು ಹುಡುಕುತ್ತಾ ನಡೆದಾಡಿಕೊಂಡಿರುತ್ತದೆ. ಅದರ ಗೂಡಿನಲ್ಲಿ ಸಂಜೀವಿನಿ ಕಡ್ಡಿ ಇರುತ್ತೆ ಅನ್ನೋರು ನಮ್ಮಜ್ಜಿ. ಗೂಡು ತಂದು ಹೊಳೆಗೆ ಬಿಟ್ಟರೆ ಮಿಕ್ಕ ಕಡ್ಡಿಗಳೆಲ್ಲ ನೀರಿನ ಜೊತೆ ಹೋಗಿ, ಅದೊಂದು ಮಾತ್ರ ಎದುರು ಈಜುತ್ತಂತೆ! ನಮ್ಮಣ್ಣಂದಿರು ಈ ಮಾತು ನಂಬಿ ಬಿದಿರು ಮೆಳೆಗೆ ನುಗ್ಗಿ ಹೊಸ ಅಂಗಿ ಹರಿದುಕೊಂಡು ಬಂದರು. ಸಂಜೀವಿನಿ ಸಿಗಲಿಲ್ಲ, ಅದೇ ಅಜ್ಜಿಯ ಕೈಯಿಂದ ಹುಣಸೆ ಬರಲಿನ ರುಚಿ ಸಿಕ್ಕಿತು.

ಏನು ಹೇಳ್ತಿದ್ದೆ? ಹಾಂ, ಮೇಷ್ಟ್ರು. ತಮ್ಮ ಕಾಂಪೌಂಡಿನೊಳಗೆ ಕಂಡ ಹಕ್ಕಿಗಳನ್ನು ಮಾತ್ರ ಬರೆದಿಡೋಕೆ ಅವರದೊಂದು ನೋಟ್‌ಬುಕ್ಕಿದೆ. ಮನೆ ಮೇಲೆ ಹಾರಿಹೋದ ಗರುಡ ಪಟ್ಟಿಗೆ ಸಲ್ಲುತ್ತೋ ಇಲ್ಲವೋ ಅಂತ ಅವರೊಳಗೇ ದೊಡ್ಡ ವ್ಯಾಜ್ಯ ನಡೆದು, ಕೊನೆಗೆ ಗರುಡ ಗೆದ್ದಿತು.

ಹೋದ ಅಕ್ಟೋಬರಿನಲ್ಲಿ ಏನಾಯ್ತು ಅಂದ್ರೆ, ನಮ್ಮ ಹಲಸಿನ ಮರದಡಿ ನವರಂಗ ಬಂದಿಳಿಯಿತು. ಹಸಿರು ಬೆನ್ನು, ಕಣ್ಣಿಗೆ ಕಪ್ಪು ಪಟ್ಟಿ, ಭುಜಕ್ಕೆ ನೀಲಿ, ಬಾಲದಡಿ ಕುಂಕುಮ. ಆ ಬಾಲವೋ, ಇದ್ದೂ ಇಲ್ಲದಷ್ಟು ಮೋಟು. ಹಿಮಾಲಯದ ತಪ್ಪಲಲ್ಲೋ ಮಧ್ಯ ಭಾರತದ ಕಾಡುಗಳಲ್ಲೋ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣಕ್ಕೆ ಬರೋ ಹಕ್ಕಿ ಅದು. ರಾತ್ರಿ ಹೊತ್ತು ಹಾರಿ ಹಾರಿ ಸುಸ್ತಾಗಿ ಯಾರದೋ ಮನೆ ವರಾಂಡದಲ್ಲಿ ಕೂತುಬಿಡೋದೂ ಉಂಟು. ತಮಿಳಿನವರು ಇದನ್ನು ಆರು ಗಂಟೆ ಹಕ್ಕಿ ಅಂತಾರಂತೆ. ನಮ್ಮ ಅತಿಥಿಯೂ ಕತ್ತಲಾಗೋ ಹೊತ್ತಿಗೆ ಸರಿಯಾಗಿ ಸಿಳ್ಳೆ ಹಾಕಿತು.

ಮೇಷ್ಟ್ರು ಉಟ್ಟ ಲುಂಗಿಯಲ್ಲೇ ಓಡಿಬಂದು ಗೋಡೆಗೆ ಒರಗಿ ನಿಂತರು. ನೋಡಿದ್ದಾಯ್ತು, ಕಣ್ತುಂಬಿದ್ದಾಯ್ತು. ಆದರೆ ಹಕ್ಕಿ ಇರೋದು ನಮ್ಮ ಕಡೆ, ಬರೆಯೋದು ಹೇಗೆ? ಅದೋ ತರಗೆಲೆ ಕೆದಕಿ ಹುಳ ಹೆಕ್ಕೋ ಹಕ್ಕಿ. ಅವರ ಹಿತ್ತಲಲ್ಲಿ ಒಂದೆಲೆ ಬಿದ್ದರೆ ಉಂಟೇ? ನಮ್ಮ ಹಲಸಿನೆಲೆ ಆ ಕಡೆ ಬೀಳುತ್ತೆ ಅಂತ ವರ್ಷಾನುಗಟ್ಟಲೆ ಮುಖ ಊದಿಸಿಕೊಂಡಿದ್ದವರು ಅವರೇ ತಾನೆ.

ಮಾರನೇ ಬೆಳಿಗ್ಗೆ ಗೋಡೆ ಮೇಲಿಂದ ಒಂದು ಖಾಲಿ ಬುಟ್ಟಿ ಇಣುಕಿತು. "ಅಮ್ಮಾವ್ರೇ, ಸ್ವಲ್ಪ ಒಣಗಿದೆಲೆ ಇದ್ರೆ ಕೊಡ್ತೀರಾ?"

ತುಂಬಿಸಿ ಕೊಟ್ಟೆ. ಅವರು ಅದನ್ನೆಲ್ಲ ಅಂಗಳಕ್ಕೆ ಹರಡಿ, ಬೈನಾಕ್ಯುಲರ್ ಏರಿಸಿ ಕೂತರು. ಹಿಂದಿನಿಂದ ಮನೆಯಾಕೆ ಪೊರಕೆ ಹಿಡಿದು ಬರುತ್ತಿದ್ದದ್ದು ಮಾತ್ರ ಕಾಣಿಸಲಿಲ್ಲ. ಅಷ್ಟು ಹತ್ತಿರದ್ದು ಅದರಲ್ಲಿ ಕಾಣೋದಿಲ್ಲವಲ್ಲ.