ಅಕಾಲ ಭೈರವಿ: ಥಾಣೆ ಜಿಲ್ಲೆಯ ರಾಗಸಮಯ ಮೀಮಾಂಸೆ

ಪೀಠಿಕೆ

ವಿಷ್ಣು ನಾರಾಯಣ ಭಾತಖಂಡೆಯವರು ರಾಗಗಳನ್ನು ಎಂಟು ಪ್ರಹರಗಳಿಗೆ ಹಂಚಿಕೊಟ್ಟರು. ಆ ಮಹನೀಯರು ಮುಂಬಯಿಯವರೇ ಆದರೂ ಡೊಂಬಿವಲಿಯಲ್ಲಿ ಕನ್ನಡ ಸಂಘದ ಸಂಗೀತ ಸಂಜೆ ನಡೆಸಿದವರಲ್ಲ. ಹಾಗಾಗಿ ಸಿದ್ಧಾಂತದಲ್ಲಿ ಕೆಲವು ಲೋಪಗಳು ಉಳಿದುಬಿಟ್ಟಿವೆ. ಅವನ್ನು ತುಂಬುವುದೇ ಈ ಗ್ರಂಥದ ಉದ್ದೇಶ. ಗ್ರಂಥಕರ್ತನ ಅರ್ಹತೆ: ಸೈಡ್‌ವಿಂಗ್‌ನಲ್ಲಿ ನಿಂತು ಕೇಬಲ್ ಸುತ್ತಿದ್ದು. ಮುಂದಿನ ಸಾಲಿನ ರಸಿಕರು ಗಾಯಕರ ಮುಖ ಕಂಡರು. ನಾವು ಆ ಮುಖ ಗಡಿಯಾರದ ಕಡೆ ತಿರುಗುವುದನ್ನೂ ಕಂಡೆವು.

ಸೂತ್ರ 1: ಟೆಂಪೋಽಧೀನಾ ಶ್ರುತಿಃ

ಭಾಷ್ಯ: ಸ್ಪೀಕರು, ಮಿಕ್ಸರು, ಮಾನಿಟರು ಹೊತ್ತ ಟೆಂಪೊ ನವಿಮುಂಬಯಿಯಿಂದ ಕಲ್ಯಾಣಕ್ಕೆ ಬರಬೇಕಾದರೆ ಶೀಳ್ ಫಾಟಾ ದಾಟಬೇಕು. ಅಲ್ಲಿ ಬಂದರಿನ ಕಂಟೇನರ್ ಲಾರಿಗಳು ಅತಿವಿಲಂಬಿತ ಲಯದಲ್ಲಿ ಆಲಾಪ ನಡೆಸಿರುತ್ತವೆ. ಐದಕ್ಕೆ ಆಗಬೇಕಿದ್ದ ಸೌಂಡ್ ಚೆಕ್ ಏಳಕ್ಕೆ, ಜನ ಕೂತ ಮೇಲೆ ಆಗುತ್ತದೆ. 'ಹಲೋ ಚೆಕ್, ಒನ್ ಟೂ ತ್ರೀ' ಎಂಬ ಬಂದಿಶಿಗೆ ಬೀಳುವ ಚಪ್ಪಾಳೆಯೇ ಸಂಜೆಯ ಮೊದಲ ಚಪ್ಪಾಳೆ.

ಸೂತ್ರ 2: ದಶವಾದನಾತ್ ಪರಂ ಮೌನಮ್

ಭಾಷ್ಯ: 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ನಿಷಿದ್ಧ. ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಹನ್ನೆರಡರವರೆಗೆ ಸಡಿಲಿಸಬಹುದು. ಆ ಭಾಗ್ಯ ಬಹುಮಟ್ಟಿಗೆ ಗಣಪತಿ, ನವರಾತ್ರಿಗಳ ಪಾಲು. ಕುಂದಗೋಳದ ಗುರುವಿನ ನೆನಪಿಗೆ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಸವಾಯಿ ಗಂಧರ್ವ ಉತ್ಸವವೇ ರಾತ್ರಿಯಿಡೀ ಹಾಡುವ ರೂಢಿ ಬಿಟ್ಟು ಈ ನಿಯಮಕ್ಕೆ ತಲೆಬಾಗಿತು. ನೆರೂಳಿನ ಡಿ.ವೈ. ಪಾಟೀಲ ಕ್ರೀಡಾಂಗಣಕ್ಕೆ 2019ರಲ್ಲಿ ಯೂ-ಟೂ ಬರಲಿ, 2025ರಲ್ಲಿ ಕೋಲ್ಡ್‌ಪ್ಲೇ ಬರಲಿ, ಬಯಲು ಬಯಲೇ. ಹಿಂದೆ ಹಾಡುತ್ತ ಹಾಡುತ್ತ ಮುಕ್ತಾಯದ ಭೈರವಿಗೆ ಬರುವಷ್ಟರಲ್ಲಿ ನಿಜಕ್ಕೂ ಬೆಳಕು ಹರಿಯುತ್ತಿತ್ತು. ನಮ್ಮ ಜಿಲ್ಲೆಯಲ್ಲಿ ಬೆಳಗಾಗುವುದು ಒಂಬತ್ತೂಮುಕ್ಕಾಲಿಗೆ.

ಪೂರ್ವಪಕ್ಷ: ಮುಚ್ಚಿದ ಸಭಾಂಗಣಗಳಿಗೆ ವಿನಾಯಿತಿ ಇದೆಯಲ್ಲ? ಥಾಣೆಯ ಗಡ್ಕರಿ ರಂಗಾಯತನ, ಕಲ್ಯಾಣದ ಆಚಾರ್ಯ ಅತ್ರೆ ರಂಗಮಂದಿರ, ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ನಾಟ್ಯಗೃಹ, ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹ, ಇವಕ್ಕೆಲ್ಲ ಸೂರು ಇಲ್ಲವೆ?

ಉತ್ತರಪಕ್ಷ: ಸಭಾಂಗಣಕ್ಕೆ ಸೂರಿದೆ, ಶ್ರೋತೃವಿಗೆ ಲೋಕಲ್ ಇದೆ. ಕಲ್ಯಾಣದಾಚೆ ಹಳಿ ಕಸಾರಾ, ಕರ್ಜತ್ ಎಂದು ಕವಲೊಡೆಯುತ್ತದೆ. ಟಿಟ್ವಾಳಾದ ರಸಿಕ ವಿಲಂಬಿತ್ ಮುಗಿಯುವ ಮೊದಲೇ ಏಳುತ್ತಾನೆ. ಬದ್ಲಾಪುರದವ ದ್ರುತ್ ಶುರುವಾದೊಡನೆ ಚಪ್ಪಲಿ ಹುಡುಕುತ್ತಾನೆ. ಆದ್ದರಿಂದ ಪೂರ್ವಪಕ್ಷ ಕಾನೂನಿನಲ್ಲಿ ಗೆದ್ದು ಟೈಮ್‌ಟೇಬಲ್ಲಿನಲ್ಲಿ ಸೋತಿತು.

ಸೂತ್ರ 3: ಸನ್ಮಾನಶೇಷಂ ಸಂಗೀತಮ್

ಭಾಷ್ಯ: ದೀಪ, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಸ್ಮರಣಿಕೆ, ಇವೆಲ್ಲದರ ಫೋಟೊ, ಫೋಟೊದಲ್ಲಿ ಬಿಟ್ಟುಹೋದವರ ಫೋಟೊ, 'ಎರಡೇ ಮಾತು' ಎಂದು ಎದ್ದ ಅಧ್ಯಕ್ಷರು. ಇಷ್ಟನ್ನೂ ಕಳೆದು ಉಳಿದದ್ದು ಸಂಗೀತ. ಒಮ್ಮೆ ಧಾರವಾಡದ ಕಡೆಯ ಹಿರಿಯ ಗಾಯಕರೊಬ್ಬರು ಕಣ್ಣು ಮುಚ್ಚಿ ಆಗಷ್ಟೇ ಸ್ವರ ಹಚ್ಚಿದ್ದರು. ಕಾರ್ಯದರ್ಶಿಗಳು ವಿಂಗ್‌ನಿಂದ ಬಗ್ಗಿ ಕೈಗಡಿಯಾರ ತಟ್ಟಿದರು: "ಪಂಡಿತ್‌ಜಿ, ಇನ್ನು ಭೈರವಿ ತಗೊಳ್ಳಿ." "ಯಪ್ಪಾ, ಈಗರ ಷಡ್ಜ ಹಚ್ಚೇನಿ, ಅದರ ಸಂಗಡನ ಮಂಗಳ ಹಾಡ್ಲೇನು?" ಎಂದರು ಅವರು. ಮೈಕ್ ಆನ್ ಇತ್ತು. ಆ ರಾತ್ರಿಯ ದೊಡ್ಡ 'ವಾಹ್ವಾ' ಸಿಕ್ಕಿದ್ದು ಅದಕ್ಕೆ.

ಉಪಸಂಹಾರ

ನಡುರಾತ್ರಿ ದಾಟಿದ ಮೇಲೆ ಹಾಡಬೇಕಾದ ಮಾಲಕೌಂಸದ ಲಕ್ಷಣವನ್ನು ಈ ಜಿಲ್ಲೆಯ ಮಟ್ಟಿಗೆ ಪಠ್ಯಪುಸ್ತಕಗಳು ಹೀಗೆ ತಿದ್ದಿಕೊಳ್ಳತಕ್ಕದ್ದು. ವಾದಿ: ಮಧ್ಯಮ. ಸಂವಾದಿ: ಷಡ್ಜ. ವಿವಾದಿ: ಅಧ್ಯಕ್ಷರು. ಅನುವಾದಿ: ಟೆಂಪೊ ತುಂಬುವ ತನಕ ಮನೆಗೆ ಹೋಗುವಂತಿಲ್ಲದ ಸೌಂಡ್‌ನವನು. ಗಾನಸಮಯ: ಸನ್ಮಾನ ಮುಗಿದ ಮೇಲೆ, ಕಸಾರಾ ಲೋಕಲ್‌ಗೆ ಮುಂಚೆ.