ಹದಿನೇಳು ಪಾವಟಿಗೆ, ಸೊನ್ನೆ ಹಿಡಿಕೆ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಹೊಸ ಮನೆ ಕಟ್ಟಿಸಿದವರನ್ನು ಪಾವಟಿಗೆ ಎಷ್ಟೆಂದು ಕೇಳಿ ನೋಡಿ. "ಹದಿನೇಳ್ರಿ. ಬೆಸ ಸಂಖ್ಯಾ, ಬಲಕ್ಕ ತಿರಗತಾವ" ಎಂದು ಥಟ್ಟನೆ ಉತ್ತರ ಬರುತ್ತದೆ. ಹತ್ತುವಾಗ ಹಿಡಿದುಕೊಳ್ಳಲು ಏನಿದೆ ಎಂದು ಕೇಳಿದರೆ ಮಾತ್ರ ದನಿ ಇಳಿಯುತ್ತದೆ: "ರೇಲಿಂಗ್ ಇನ್ನ ಆಗಬೇಕ್ರಿ."

ಆಗುವುದಾದರೂ ಹೇಗೆ? ಪಾಯಕ್ಕೆ ಸಾಲ, ಸ್ಲ್ಯಾಬಿಗೆ ಕಬ್ಬಿನ ಬಿಲ್ಲು, ಮುಂಬಾಗಿಲಿಗೆ ಸಾಗವಾನಿ, ಉಳಿದದ್ದೆಲ್ಲ ಎಲಿವೇಶನ್‌ಗೆ. ವಾಸ್ತುಶಾಂತಿಗೆ ಬಂದ ಬೀಗರಿಗೆ ಕರದಂಟು ಹಂಚುವಷ್ಟರಲ್ಲಿ ರೇಲಿಂಗಿನ ದುಡ್ಡು ಬೀಗರ ಹೊಟ್ಟೆ ಸೇರಿರುತ್ತದೆ. ಮೂಡಲಗಿ ಗೋಕಾಕದಿಂದ ಬಿಡಿಸಿಕೊಂಡು ಬೇರೆ ತಾಲ್ಲೂಕೇ ಆಯಿತು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಡ್ಯಾಮು ಘಟಪ್ರಭೆಯನ್ನೇ ತಡೆದು ನಿಲ್ಲಿಸಿತು. ಮನೆಯೊಳಗೆ ಒಬ್ಬ ಮುದುಕಿ ಜಾರದಂತೆ ತಡೆಯುವ ಕಾಮಗಾರಿ ಮಾತ್ರ ಬಾಕಿ.

ಕಡೆಗೊಮ್ಮೆ ವೆಲ್ಡರ್ ಬರುತ್ತಾನೆ. ಟೇಪು ಬಿಚ್ಚಿದೊಡನೆ ಜಗಳ ಶುರು.

"ಪಾವಟಿಗಿ ಹತ್ತ ಇಂಚ ಐತಿ. ಹದಿನೇಳಕ್ಕ ಹದಿನಾಕ ಫೂಟ ಆತು. ನೀ ಹದಿನೇಳ ಫೂಟ ಬರದೀಯಲ್ಲೋ ತಮ್ಮಾ!"

"ಸಾವಕಾರ್ರ, ರೇಲಿಂಗ್ ಓರೆ ಏರತೈತ್ರಿ. ನೆಲದ ಮ್ಯಾಲ ಮಲಗಂಗಿಲ್ಲ."

ಹತ್ತು ಇಂಚು ಅಗಲ, ಏಳು ಇಂಚು ಎತ್ತರದ ಪಾವಟಿಗೆಯ ಓರೆ ಅಳತೆ ಹನ್ನೆರಡು ಇಂಚು ದಾಟುತ್ತದೆ. ಹೈಸ್ಕೂಲಿನಲ್ಲಿ ಪೈಥಾಗೊರಸನ ಕೃಪೆಯಿಂದ ಪಾಸಾದವರೇ ರನ್ನಿಂಗ್ ಫೂಟಿನ ಬಿಲ್ಲು ಕಂಡಾಗ ಅವನನ್ನು ಕಳ್ಳನೆನ್ನುತ್ತಾರೆ.

ಆಮೇಲೆ ಸ್ಟೀಲಿನ ಪರೀಕ್ಷೆ. ಮನೆಯ ಜಾಣ ಅಳಿಯ ಹಳೇ ಸ್ಪೀಕರಿನ ಅಯಸ್ಕಾಂತ ತಂದು ಪೈಪಿಗೆ ಹಿಡಿಯುತ್ತಾನೆ. "ಹತ್ತಲಿಲ್ಲ ನೋಡ್ರಿ, ಅಸಲಿ 304!" ಅಗ್ಗದ 202ಕ್ಕೂ ಅದು ಹತ್ತುವುದಿಲ್ಲ ಎಂಬುದನ್ನು ಅಯಸ್ಕಾಂತವೂ ಹೇಳುವುದಿಲ್ಲ, ಅಂಗಡಿಯವನೂ ಹೇಳುವುದಿಲ್ಲ. 304ರಲ್ಲಿ ನಿಕ್ಕಲ್ ಶೇ 8ರಷ್ಟು. 202ರಲ್ಲಿ ಅದನ್ನು ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿರುತ್ತಾರೆ. ಹೊರಗಿನ ಪಾವಟಿಗೆಗೆ ಹಾಕಿಸಿದವರು ಮಳೆಗಾಲ ಮುಗಿದ ಮೇಲೆ ನೋಡಿಕೊಳ್ಳಲಿ: ಬೆಸುಗೆ ಕೂಡಿದಲ್ಲೆಲ್ಲ ಮದುಮಗಳಿಗೆ ಅರಿಶಿನ ಹಚ್ಚಿದಂತಿರುತ್ತದೆ.

ಎತ್ತರದ ಮಾತು ಬಂದಾಗ ಮನೆಮಂದಿಯೆಲ್ಲ ಮೊಬೈಲಿನ ಫೋಟೋ ತೋರಿಸುತ್ತಾರೆ, ಕೈ ಚಾಚಿ ತೋರಿಸುವವರಿಲ್ಲ. ಪಾವಟಿಗೆಯಿಂದ ನೆಟ್ಟಗೆ ಮೇಲಕ್ಕೆ ಮೂರು, ಮೂರೂಕಾಲು ಫೂಟು; ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವುದೂ ಇದರ ಆಸುಪಾಸೇ. ಪೈಪು ದುಂಡಗೆ, ಒಂದೂವರೆ ಇಂಚು. ಗೋಡೆಗೂ ಅದಕ್ಕೂ ನಡುವೆ ಎರಡು ಇಂಚು ಸಂದು. ಇಷ್ಟಿದ್ದರೆ ಮುಷ್ಟಿ ಬಿಗಿಯುತ್ತದೆ. ಆದರೆ ಪಕ್ಕದ ಮನೆಯಲ್ಲಿ ದಪ್ಪನೆಯ ಚೌಕ ಪೈಪು, ಮೇಲೊಂದು ಬಂಗಾರ ಬಣ್ಣದ ಗುಂಡು ಇದೆಯಲ್ಲ, ನಮಗೂ ಅದೇ ಆಗಬೇಕು. ಜೊತೆಗೆ ಅಡ್ಡಡ್ಡ ಪೈಪಿನ ಡಿಸೈನು. ಮೊಮ್ಮಗನಿಗೆ ಹತ್ತಿ ಹಾರಲು ಏಣಿ ಪುಕ್ಕಟೆ.

ಕಂಬಿ ಎಂದರೇನೆಂದು ಅರಿಯದ ನಾಡೇನಲ್ಲ ಇದು. ಗೋಕಾಕ ಜಲಪಾತದಲ್ಲಿ ನದಿ 52 ಮೀಟರ್ ಆಳಕ್ಕೆ ಧುಮುಕುತ್ತದೆ. ಅಲ್ಲಿ ಕಂಬಿ ಕಂಡರೆ ಸಾಕು, ನಮ್ಮ ಹುಡುಗರು ದಾಟಿ ನಿಂತು ಸೆಲ್ಫಿ ಹೊಡೆಯುತ್ತಾರೆ. ಅದೇ ಹುಡುಗರು ಮನೆಗೆ ಬಂದು, ಕಂಬಿಯಿಲ್ಲದ ಪಾವಟಿಗೆಯ ಬುಡದಲ್ಲಿ ಕುಳಿತು, ಮೊಬೈಲಿನಿಂದ ತಲೆಯೆತ್ತದೆ "ಸಾವಕಾಶ ಇಳಿ ಬೇ ಆಯಿ" ಎನ್ನುತ್ತಾರೆ. ನಮ್ಮ ಸುರಕ್ಷತಾ ನೀತಿ ಇಷ್ಟೇ.

ಅಳತೆಯ ದಿನ ಆಯಿಯನ್ನು ಪಾವಟಿಗೆಯ ಮೇಲೆ ನಿಲ್ಲಿಸಿ, ಆಕೆಯ ಕೈ ತಾನಾಗಿ ಹೋಗುವಲ್ಲಿ ಗುರುತು ಹಾಕಿಸಿದ ಯಜಮಾನನನ್ನು ನಾನಂತೂ ಕಂಡಿಲ್ಲ. ಆ ಗುರುತನ್ನು ಆಯಿ ತಾನೇ ಹಾಕಿದ್ದಾಳೆ. ಸಂಡಿಗೆ ಒಣಹಾಕಲು ಮಾಳಿಗೆಗೆ ಹತ್ತಿ ಇಳಿದು, ಬಿಳಿ ಗೋಡೆಯ ಉದ್ದಕ್ಕೂ ಕೈಯೂರಿದ ಕಪ್ಪು ಗೆರೆ, ಕೆಳಗಿನಿಂದ ಮೇಲಿನವರೆಗೆ ಒಂದೇ ಎತ್ತರ. ಟೇಪು ಬೇಡ, ಪೈಥಾಗೊರಸನೂ ಬೇಡ. ಆ ಗೆರೆಯ ಮೇಲೆ ಪೈಪು ಕೂರಿಸಿದರೆ ಕೆಲಸ ಮುಗಿಯಿತು.

ಯಜಮಾನರೂ ಆ ಗೆರೆ ನೋಡಿದ್ದಾರೆ. ನೋಡಿದವರೇ ಪೇಂಟರನ್ನು ಕರೆಸಿ, ಕಲೆ ಒರೆಸಿದರೆ ಹೋಗುವಂಥ ಬಣ್ಣಕ್ಕೆ ಅಡ್ವಾನ್ಸ್ ಕೊಟ್ಟಿದ್ದಾರೆ.